ಗಿಂಪ್‌ನಲ್ಲಿ ವೃತ್ತ ಯಾಕೆ ಮೊಟ್ಟೆಯಾಗುತ್ತದೆ?

ಫೋಟೊ ತಿದ್ದುವ ಉಚಿತ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಆಕೃತಿ ಬರೆಯುವುದರ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ವೃತ್ತದ್ದೇ. ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಲೇಯರ್ ಅಂದರೇನು, ಗಿಂಪ್ ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ, ಅಷ್ಟು ಗೊತ್ತಿದ್ದವರಿಗೆ ಇದು.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಪ್ರಶ್ನೆಪತ್ರಿಕೆಯ ಚಿತ್ರಗಳನ್ನು ಗಿಂಪ್‌ನಲ್ಲಿ ಮಾಡುತ್ತೇನೆ. ವೃತ್ತದ ಟೂಲ್ ಕಾಣಿಸುತ್ತಿಲ್ಲ. ಎಲಿಪ್ಸ್ ಸೆಲೆಕ್ಟ್ ತೆಗೆದುಕೊಂಡು ಶಿಫ್ಟ್ ಹಿಡಿದು ಎಳೆದರೆ ಒಮ್ಮೆ ವೃತ್ತ ಬರುತ್ತದೆ, ಒಮ್ಮೆ ಮೊಟ್ಟೆ. ಗೆರೆ ಹಾಕಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಏನು ಮಾಡಲಿ?

ಉತ್ತರ: ಸರ್, ನೀವು ತೆಗೆದುಕೊಂಡ ಟೂಲ್ ಸರಿಯಾಗಿಯೇ ಇದೆ. ಗಿಂಪ್ ಮೊದಲಿನಿಂದಲೂ ಬೆಳೆದದ್ದು ಫೋಟೊ ತಿದ್ದುವ ಸಾಫ್ಟ್‌ವೇರ್ ಆಗಿ. ಫೋಟೊಶಾಪ್‌ನಲ್ಲಿ 2000ರಲ್ಲಿ ಬಂದ 6ನೇ ಆವೃತ್ತಿಯಿಂದ ಆಕೃತಿಗೆಂದೇ ಪ್ರತ್ಯೇಕ ಟೂಲ್ ಇದೆ. ಗಿಂಪ್‌ನಲ್ಲಿ ಮಾತ್ರ ಮೊದಲು ಜಾಗ ಗುರುತಿಸಬೇಕು (ಇದೇ ಸೆಲೆಕ್ಷನ್), ಆಮೇಲೆ ಅದರ ಅಂಚಿಗೆ ಬಣ್ಣ ಹಾಕಬೇಕು. ಇವು ಎರಡು ಬೇರೆ ಕೆಲಸ ಅನ್ನುವುದು ತಲೆಗೆ ಹೋದರೆ ಮುಕ್ಕಾಲು ಗೊಂದಲ ಅಲ್ಲೇ ಮುಗಿಯಿತು.

ಈಗ ಮೊಟ್ಟೆಯ ವಿಷಯ. ಶಿಫ್ಟ್ ಕೀಲಿಗೆ ಇಲ್ಲಿ ಎರಡು ಅರ್ಥ. ಮೌಸ್ ಒತ್ತುವ ಮುಂಚೆಯೇ ಶಿಫ್ಟ್ ಹಿಡಿದರೆ, ‘ಹಳೆಯ ಸೆಲೆಕ್ಷನ್‌ಗೆ ಇದನ್ನೂ ಸೇರಿಸು’ ಎಂದು ಹೇಳಿದಂತೆ. ಮೌಸ್ ಒತ್ತಿ ಎಳೆಯಲು ಶುರು ಮಾಡಿದ ಮೇಲೆ ಶಿಫ್ಟ್ ಹಿಡಿದರೆ ಮಾತ್ರ ಅಗಲ ಎತ್ತರಗಳ ಅನುಪಾತ ಕಟ್ಟಿಹಾಕಿದಂತೆ. ನೀವು ಒಮ್ಮೆ ಮುಂಚೆ ಒತ್ತುತ್ತೀರಿ, ಒಮ್ಮೆ ಆಮೇಲೆ. ಇನ್ನೊಂದು ತೊಡಕೂ ಇದೆ: ಟೂಲ್ ಆಯ್ಕೆಗಳಲ್ಲಿ ‘ಫಿಕ್ಸೆಡ್’ ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿದ್ದರೆ ಶಿಫ್ಟ್ ಅದನ್ನು ಬಿಡಿಸಿಬಿಡುತ್ತದೆ. ಆಗ ಎಷ್ಟು ಗಟ್ಟಿಯಾಗಿ ಹಿಡಿದರೂ ಮೊಟ್ಟೆಯೇ.

ನನ್ನನ್ನು ಕೇಳಿದರೆ ಎಳೆಯುವುದೇ ಬೇಡ. ಹೇಗೋ ಒಂದು ಸಣ್ಣ ಆಕಾರ ಎಳೆದು ಬಿಡಿ, ಆಮೇಲೆ ಟೂಲ್ ಆಯ್ಕೆಗಳಲ್ಲಿ ಪೊಸಿಷನ್ ಮತ್ತು ಸೈಜ್ ಎಂದಿರುವಲ್ಲಿ ಅಂಕಿ ಟೈಪ್ ಮಾಡಿ. ಉದಾಹರಣೆಗೆ 600 × 600 ಪಿಕ್ಸೆಲ್‌ನ ಬಿಳಿ ಹಾಳೆಯಲ್ಲಿ ಪೊಸಿಷನ್ 100, 100. ಸೈಜ್ 400, 400. ಕೇಂದ್ರ ಸರಿಯಾಗಿ 300, 300ಕ್ಕೆ ಬಂತು, ತ್ರಿಜ್ಯ 200. ಇನ್ನು ವೃತ್ತದ ನೆತ್ತಿಗೆ ಸ್ಪರ್ಶಕ ಬೇಕಾದರೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ, ಮೇಲಿನಿಂದ 100ನೇ ಪಿಕ್ಸೆಲ್‌ನಲ್ಲಿ ಅಡ್ಡಗೆರೆ ಎಳೆದರೆ ಆಯಿತು. ಪೆನ್ಸಿಲ್ ಟೂಲ್‌ನಲ್ಲಿ ಎಡತುದಿಗೆ ಒಂದು ಕ್ಲಿಕ್, ಶಿಫ್ಟ್ ಮತ್ತು ಕಂಟ್ರೋಲ್ ಎರಡನ್ನೂ ಹಿಡಿದು ಬಲತುದಿಗೆ ಇನ್ನೊಂದು. ಗೆರೆ 15 ಡಿಗ್ರಿಯ ಮೆಟ್ಟಿಲಲ್ಲೇ ತಿರುಗುವುದರಿಂದ ಕೈ ಸ್ವಲ್ಪ ನಡುಗಿದರೂ ಸೊಟ್ಟಗಾಗುವುದಿಲ್ಲ. ಓರೆಗೆರೆಗೆ ಮಾತ್ರ ಪೆನ್ಸಿಲ್ ಬೇಡ, ಅದರ ಅಂಚು ಯಾವತ್ತೂ ಒರಟು. ಪೇಂಟ್‌ಬ್ರಷ್ ಬಳಸಿ.

ಇನ್ನು ಮೆಟ್ಟಿಲಿನ ಪ್ರಶ್ನೆ. ನೀವು ಎಡಿಟ್ ಮೆನುವಿನ ‘ಸ್ಟ್ರೋಕ್ ಸೆಲೆಕ್ಷನ್’ ಒತ್ತಿರುತ್ತೀರಿ, ವಿಡಿಯೊಗಳಲ್ಲಿ ಎಲ್ಲರೂ ಅದನ್ನೇ ತೋರಿಸುತ್ತಾರೆ. ಆ ಆಜ್ಞೆ ಸೆಲೆಕ್ಷನ್‌ನ ಪಿಕ್ಸೆಲ್ ಅಂಚನ್ನೇ ಹಿಡಿದು ಹೋಗುತ್ತದೆ. ಹಾಗಾಗಿ ವಕ್ರರೇಖೆಯಲ್ಲಿ ಮೆಟ್ಟಿಲು ಎದ್ದು ಕಾಣುತ್ತದೆ. ಅಂಚನ್ನು ನುಣುಪಾಗಿಸುವ ಆಂಟಿ ಏಲಿಯಾಸಿಂಗ್‌ಗೆ ಟಿಕ್ ಹಾಕಿದರೂ ಪೂರ್ತಿ ಹೋಗುವುದಿಲ್ಲ. ನಾನು ಮಾಡುವ ದಾರಿ ಹೀಗೆ: ಸೆಲೆಕ್ಟ್ ಮೆನುವಿನಲ್ಲಿ ‘ಟು ಪಾತ್’ ಒತ್ತಿ ಸೆಲೆಕ್ಷನ್ ಅನ್ನು ಪಾತ್ (ಪಿಕ್ಸೆಲ್ ಆಗಿ ಅಲ್ಲ, ಬಿಂದು ಮತ್ತು ವಕ್ರರೇಖೆಯಾಗಿ ಉಳಿಯುವ ಆಕಾರ) ಮಾಡಿಕೊಳ್ಳುತ್ತೇನೆ. ಆಮೇಲೆ ‘ಸೆಲೆಕ್ಟ್ ನನ್’. ಹೊಸ ಪಾರದರ್ಶಕ ಲೇಯರ್ ತೆಗೆದು, ಪಾತ್ ಪಟ್ಟಿಯಲ್ಲಿ ಆ ಪಾತ್ ಆರಿಸಿ, ‘ಸ್ಟ್ರೋಕ್ ಪಾತ್’ ಕೊಡುತ್ತೇನೆ. ದಪ್ಪ 4 ಪಿಕ್ಸೆಲ್. ಗೆರೆ ಕೈವಾರದಲ್ಲಿ ಎಳೆದಷ್ಟು ನುಣುಪಾಗಿ ಬರುತ್ತದೆ.

‘ಸೆಲೆಕ್ಟ್ ನನ್’ ಮರೆತರೆ ಸೆಲೆಕ್ಷನ್ ಹೊರಗಿನ ಅರ್ಧ ಗೆರೆ ಕತ್ತರಿಸಿಹೋಗುತ್ತದೆ. 4 ಪಿಕ್ಸೆಲ್ ಕೇಳಿದ್ದಕ್ಕೆ 2 ಬಂತು ಎಂದು ಬರೆಯುವವರೆಲ್ಲ ಈ ಹೆಜ್ಜೆ ಬಿಟ್ಟವರೇ. ಗೆರೆ ಪಾತ್‌ನ ಎರಡೂ ಬದಿಗೆ ಸಮನಾಗಿ ಹರಡುತ್ತದೆ: 400ರ ವೃತ್ತಕ್ಕೆ 4ರ ಗೆರೆ ಎಂದರೆ ಹೊರಗಿನ ವ್ಯಾಸ 404, ಒಳಗಿನದು 396.

ಪಾತ್ ಉಳಿದಿರುವುದು ದೊಡ್ಡ ಅನುಕೂಲ. ನಾಳೆ ಮುಖ್ಯೋಪಾಧ್ಯಾಯರು ಗೆರೆ ತೆಳುವಾಯಿತು ಅಂದರೆ ಲೇಯರ್ ಅಳಿಸಿ, ಅದೇ ಪಾತ್‌ಗೆ 6 ಪಿಕ್ಸೆಲ್ ಕೊಟ್ಟರೆ ಮುಗಿಯಿತು. ಅದಕ್ಕೇ ಕಡತವನ್ನು ಗಿಂಪ್‌ನದೇ ರೂಪವಾದ ಎಕ್ಸ್‌ಸಿಎಫ್ ಆಗಿ ಇಟ್ಟುಕೊಳ್ಳಿ, ಬಳಸಲು ಪಿಎನ್‌ಜಿ ತೆಗೆಯಿರಿ. ಜೆಪೆಗ್ ಮಾಡಬೇಡಿ, ಕಪ್ಪು ಗೆರೆಯ ಸುತ್ತ ಮಸಿ ಹರಡಿದ ಹಾಗೆ ಕಲೆ ಬೀಳುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಕೇಳುವವರಿದ್ದಾರೆ. ಹಿಂದೊಮ್ಮೆ ಒಂದು ಶಾಲೆಗೆ ಪ್ರಶ್ನೆಪತ್ರಿಕೆ ಡಿಟಿಪಿ ಮಾಡಿಕೊಟ್ಟಿದ್ದೆ. ಕೊಟ್ಟ ವೃತ್ತಕ್ಕೆ ಜ್ಯಾಗಳನ್ನೆಳೆದು, ಅವುಗಳ ಲಂಬಾರ್ಧಕಗಳಿಂದ ಕೇಂದ್ರ ಕಂಡುಹಿಡಿಯಿರಿ ಎಂಬ ಪ್ರಶ್ನೆ. ನಾನು ಕೊಟ್ಟ ವೃತ್ತ ಸರಿಯಿತ್ತು. ಅಚ್ಚಿಗೆ ಹೋಗುವ ಮುಂಚೆ ಯಾರೋ ಅಂಕಣಕ್ಕೆ ಹೊಂದಿಸಲೆಂದು ಚಿತ್ರದ ಪಕ್ಕದ ಹಿಡಿಕೆ ಹಿಡಿದು ಅಡ್ಡಡ್ಡ ಎಳೆದಿದ್ದರು. ಕಣ್ಣಿಗೆ ಗೊತ್ತಾಗದಷ್ಟು ಅಂಡಾಕಾರ. ಚೆನ್ನಾಗಿ ಓದಿದ ಮಕ್ಕಳು ತಾಳೆ ನೋಡಲೆಂದು ಮೂರನೆಯ ಜ್ಯಾ ಎಳೆದರು, ಮೂರು ಲಂಬಾರ್ಧಕಗಳು ಒಂದೇ ಬಿಂದುವಿನಲ್ಲಿ ಸೇರಲಿಲ್ಲ. ಅಳಿಸಿ ಅಳಿಸಿ ಹಾಳೆ ಹರಿದುಕೊಂಡರು. ತಪ್ಪು ತಮ್ಮದೇ ಅಂದುಕೊಂಡಿದ್ದ ಆ ಮಕ್ಕಳ ಮುಖ ನನಗೆ ಇವತ್ತಿಗೂ ನೆನಪಿದೆ. ಚಿತ್ರ ಹಿಗ್ಗಿಸಬೇಕಾದರೆ ಮೂಲೆಯ ಹಿಡಿಕೆ ಹಿಡಿಯಿರಿ, ಅಚ್ಚಾದ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಅಡ್ಡ, ಉದ್ದ ಎರಡನ್ನೂ ಅಳೆಯಿರಿ.

ಪ್ರಶ್ನೆ: ಸಮಬಾಹು ತ್ರಿಭುಜ, ಷಡ್ಭುಜ ಬರೆಯುವುದು ಹೇಗೆ?

ಉತ್ತರ: ಫಿಲ್ಟರ್ಸ್ ಮೆನುವಿನ ರೆಂಡರ್ ಒಳಗೆ ಆಕೃತಿ ಬರೆಯುವ ಜಿಫಿಗ್ ಇದೆ, ಅದರಲ್ಲಿ ಬಹುಭುಜ, ನಕ್ಷತ್ರ ಎರಡೂ ಸಿಗುತ್ತವೆ. ನನಗೆ ಅಂಕಿಗಳ ಮೇಲೇ ನಂಬಿಕೆ. ಮೇಲಿನ ವೃತ್ತದೊಳಗೆ ಷಡ್ಭುಜ ಕೂರಬೇಕಾದರೆ ಶೃಂಗಗಳು (500, 300), (400, 473), (200, 473), (100, 300), (200, 127), (400, 127). ಭುಜವೂ ತ್ರಿಜ್ಯವೂ ಒಂದೇ ಅಳತೆ ಅನ್ನುವುದನ್ನು ನೀವೇ ಕಲಿಸಿರುತ್ತೀರಿ. ಪಾತ್ ಟೂಲ್‌ನಲ್ಲಿ ಈ ಆರು ಕಡೆ ಕ್ಲಿಕ್ ಮಾಡಿ, ಕಂಟ್ರೋಲ್ ಹಿಡಿದು ಮೊದಲ ಬಿಂದುವನ್ನು ಒತ್ತಿದರೆ ಆಕೃತಿ ಮುಚ್ಚುತ್ತದೆ. ಪಾದ 400 ಇರುವ ಸಮಬಾಹು ತ್ರಿಭುಜಕ್ಕೆ ಎತ್ತರ 346. ಅಂದಾಜಿನಲ್ಲಿ 400 ಇಟ್ಟು ‘ಸಮಬಾಹು’ ಎಂದು ಕೆಳಗೆ ಬರೆಯುವವರನ್ನು ನಾನು ಕ್ಷಮಿಸಲಾರೆ.

ಪ್ರಶ್ನೆ: ರೆಸಲ್ಯೂಶನ್ (ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಅಂಕಿ) 72 ಇದ್ದದ್ದನ್ನು 300 ಮಾಡಿದರೆ ಗೆರೆ ಚೊಕ್ಕಟವಾಗುತ್ತದೆ ಎಂದು ಒಬ್ಬರು ವಿಡಿಯೊದಲ್ಲಿ ಹೇಳಿದ್ದಾರೆ. ಹೌದೇ?

ಉತ್ತರ: ಶುದ್ಧ ಸುಳ್ಳು. ಪಿಕ್ಸೆಲ್ ಹೆಚ್ಚದೆ ಆ ಅಂಕಿಯಷ್ಟೇ ಬದಲಾದರೆ ಅಚ್ಚಿನ ಅಳತೆ ಚಿಕ್ಕದಾಗುತ್ತದೆ, ಅಷ್ಟೇ. ಇಂಚಿಗೆ 300ರಂತೆ 5 ಸೆಂಟಿಮೀಟರ್ ವೃತ್ತ ಬೇಕಾದರೆ ಸುಮಾರು 591 ಪಿಕ್ಸೆಲ್ ಅಗಲ ಬೇಕು. ಮೊದಲೇ ಲೆಕ್ಕ ಹಾಕಿ ಹಾಳೆ ತೆರೆಯಿರಿ.

ಪ್ರಶ್ನೆ: ದುಂಡಗೆ ಬರೆಯಲು ಪೆನ್ ಟ್ಯಾಬ್ಲೆಟ್ ಕೊಳ್ಳಬೇಕೇ?

ಉತ್ತರ: ಬೇಡ.

ಪ್ರಶ್ನೆ: ಟೆಲಿಗ್ರಾಂನಲ್ಲಿ ಫೋಟೊಶಾಪ್ ಕ್ರ್ಯಾಕ್ (ಕಳ್ಳ ಪ್ರತಿ) ಸಿಗುತ್ತದಂತೆ, ಆಂಟಿವೈರಸ್ ಆಫ್ ಮಾಡಿ ಹಾಕಿಕೊಳ್ಳಬೇಕಂತೆ.

ಉತ್ತರ: ಆಂಟಿವೈರಸ್ ಆಫ್ ಮಾಡು ಅನ್ನುವವನು ನಿಮ್ಮ ಮನೆಯ ಬೀಗ ತೆಗೆದಿಡು ಅನ್ನುತ್ತಿದ್ದಾನೆ. ಮಕ್ಕಳ ಅಂಕಪಟ್ಟಿ, ನಿಮ್ಮ ಬ್ಯಾಂಕಿನ ಲೆಕ್ಕ ಎಲ್ಲ ಇರುವ ಕಂಪ್ಯೂಟರ್‌ನಲ್ಲಿ ಅದನ್ನು ಮುಟ್ಟಲೇಬೇಡಿ.

ಪ್ರಶ್ನೆ: ಸಂಘದ ಲಾಂಛನ ಗಿಂಪ್‌ನಲ್ಲಿ ಮಾಡಿದ್ದೆ. ಹತ್ತು ಅಡಿ ಫ್ಲೆಕ್ಸ್‌ಗೆ ಹಾಕಿದರೆ ವೃತ್ತದ ಅಂಚೆಲ್ಲ ಒಡೆದುಹೋಯಿತು.

ಉತ್ತರ: ಆ ಕೆಲಸ ಆಕೃತಿ ಬರೆಯುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನದು, ಅದೂ ಉಚಿತ. ಅಲ್ಲಿ ವೃತ್ತ ಪಿಕ್ಸೆಲ್ ಆಗಿ ಉಳಿಯುವುದಿಲ್ಲ, ಕೇಂದ್ರ ಮತ್ತು ತ್ರಿಜ್ಯವಾಗಿ ಉಳಿಯುತ್ತದೆ. ಹತ್ತು ಅಡಿಗಾದರೂ ನೂರು ಅಡಿಗಾದರೂ ಅಂಚು ಒಡೆಯದು. ಎಫ್5 ಒತ್ತಿ, ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಎಳೆದರೆ ಕೇಂದ್ರದಿಂದಲೇ ವೃತ್ತ ಅರಳುತ್ತದೆ. ಲಾಂಛನವನ್ನು ಹೊಸದಾಗಿ ಅಲ್ಲೇ ಬರೆಯಿರಿ. ಇಂಕ್‌ಸ್ಕೇಪ್‌ನ ಮೂಲ ಕಡತವಾದ ಎಸ್‌ವಿಜಿ ಉಳಿಸಿಕೊಂಡು ಪಿಡಿಎಫ್ ಮಾಡಿ ಫ್ಲೆಕ್ಸ್‌ನವರಿಗೆ ಕೊಡಿ. ಹಳೆಯ ಪಿಎನ್‌ಜಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ ‘ಸ್ವಲ್ಪ ಸರಿ ಮಾಡಿಕೊಳ್ಳಿ’ ಅಂದರೆ ಅವರಾದರೂ ಏನು ಮಾಡುತ್ತಾರೆ?