ಸಂಪಾದಕರ ಉತ್ತರ: ಆ ಕೇಸು ಮುಂದೆ ಏನಾಯಿತು?

ಹಾನಗಲ್ ತಾಲ್ಲೂಕಿನ ಓದುಗರೊಬ್ಬರು ಈ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಸಂಪಾದಕರಿಗೆ ನಮಸ್ಕಾರ. ಇನ್ನ ಮ್ಯಾಲೆ ಹಗರಣದ ಸುದ್ದಿ ಓದಬಾರದು ಅಂತ ತೀರ್ಮಾನ ಮಾಡೀನಿ. ನನ್ನ ಮಗ ಧಾರವಾಡದಾಗ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದಿದ. 545 ಮಂದಿ ಲಿಸ್ಟಿನಾಗ ಅವನ ಹೆಸರು ಬಂತು. ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ. ಆಮ್ಯಾಲೆ ಹಗರಣ ಅಂದ್ರು, ಲಿಸ್ಟ್ ರದ್ದು ಮಾಡಿದ್ರು. ಊರಾಗ ಮಂದಿ ‘ನೀವೆಷ್ಟು ಕೊಟ್ಟಿದ್ರಿ’ ಅಂತ ಕೇಳಿದ್ರು. ಮರುಪರೀಕ್ಷೆ ಬರದ, ಆಗಲಿಲ್ಲ. ಈಗ ಹುಬ್ಬಳ್ಳಿಯೊಳಗ ಖಾಸಗಿ ಕೆಲಸ ಮಾಡ್ತಾನ. ಇದಕ್ಕ ಯಾರು ಹೊಣೆ ಹೊತ್ರು ಹೇಳ್ರಿ? ಆ ಪಕ್ಷ ಈ ಪಕ್ಷ ಅಂತಿಲ್ಲ, ಎಲ್ಲಾರೂ ಕಳ್ಳರ. ನೀವು ಬರೀತೀರಿ, ನಾವು ಓದ್ತೀವಿ, ಅವರು ಆರಾಮ ಇರ್ತಾರ. ನಮ್ಮಂಥವರಿಂದ ಏನ್ ಆಗ್ತದ?”

ಹಿರಿಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಆರಿಸಲು ನಾನು ಈ ಉತ್ತರ ಬರೆಯುತ್ತಿಲ್ಲ. ಪತ್ರದ ಕೊನೆಯ ಎರಡು ಮಾತಿಗೆ ಮಾತ್ರ ನನ್ನ ತಕರಾರಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಮಗನ ವಿಷಯ.

ಧಾರವಾಡದ ಸಪ್ತಾಪುರ, ಶ್ರೀನಗರದ ಕಡೆ ಓಡಾಡುವವರಿಗೆಲ್ಲ ಇಂಥ ಹುಡುಗರು ಗೊತ್ತು. ಹತ್ತಡಿ ರೂಮಿನಲ್ಲಿ ಮೂರು ಕಾಟು. ಗೋಡೆ ಮೇಲೆ ಭಾರತದ ನಕಾಶೆ, ಪಕ್ಕದಲ್ಲಿ ಸಂವಿಧಾನದ ವಿಧಿಗಳನ್ನು ಕೈಯಲ್ಲಿ ಬರೆದು ಅಂಟಿಸಿದ ಹಾಳೆ. ಬೆಳಕು ಹರಿಯುವ ಮುಂಚೆ ಮೈದಾನದಲ್ಲಿ ಓಟ, ಆಮೇಲೆ ದಿನವಿಡೀ ರೀಡಿಂಗ್ ರೂಮು. ಊರಿಂದ ಬಸ್ಸಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬರುತ್ತದೆ. ಅದು ತೀರಿದ ಮೇಲೆ ಖಾನಾವಳಿ. ತಿಂಗಳ ಕೊನೆಗೆ ಖಾನಾವಳಿಯ ದುಡ್ಡು ಉಳಿಸಲು ಎರಡು ಬಾಳೆಹಣ್ಣು ತಿಂದು ಮಲಗುವ ಹುಡುಗರನ್ನು ನಾನೇ ಕಂಡಿದ್ದೇನೆ. ಹಗರಣ ಆದಾಗ ನಾವು ಲಂಚ ಎಷ್ಟು ಲಕ್ಷ ಅಂತ ಲೆಕ್ಕ ಹಾಕುತ್ತೇವೆ. ಈ ರೂಮುಗಳಲ್ಲಿ ಹೋದ ವರ್ಷಗಳು ಯಾವ ಚಾರ್ಜ್‌ಶೀಟಿನಲ್ಲೂ ಬರುವುದಿಲ್ಲ.

ಆ ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. 545 ಹುದ್ದೆ, ಬರೆದವರು ಐವತ್ತು ಸಾವಿರಕ್ಕೂ ಜಾಸ್ತಿ. ಪಟ್ಟಿ ಬಂದ ಮೇಲೆ ಅನುಮಾನ ಎದ್ದಿತು. ಅಕ್ರಮ ಆಗಿಲ್ಲ ಎಂದು ಸರ್ಕಾರ ಸದನದಲ್ಲೇ ಹೇಳಿತು. ಆ ಮಾತು ಬಿದ್ದುಹೋದದ್ದು ಒಂದು ಕಾಗದದಿಂದ. ಪರೀಕ್ಷೆ ಮುಗಿದಾಗ ಅಭ್ಯರ್ಥಿಯ ಕೈಗೆ ಒಎಂಆರ್ (ವೃತ್ತ ತುಂಬಿ ಉತ್ತರ ಗುರುತಿಸುವ) ಹಾಳೆಯ ಕಾರ್ಬನ್ ಪ್ರತಿ ಕೊಡುತ್ತಾರಲ್ಲ, ಅದು. ಕಲಬುರಗಿ ಕೇಂದ್ರದಲ್ಲಿ ಬರೆದ ಒಬ್ಬ ಅಭ್ಯರ್ಥಿಯ ಕಾರ್ಬನ್ ಪ್ರತಿಯಲ್ಲಿ 21 ಪ್ರಶ್ನೆಗಷ್ಟೇ ಉತ್ತರ ಗುರುತಾಗಿತ್ತು. ಬಂದ ಅಂಕ 121. ಅಸಲಿ ಹಾಳೆಯನ್ನು ಆಮೇಲೆ ತುಂಬಿದ್ದರು. ಕಾರ್ಬನ್ ಪ್ರತಿಯನ್ನು ತುಂಬಲು ಆಗಲಿಲ್ಲ.

2022ರ ಏಪ್ರಿಲ್‌ನಲ್ಲಿ ಸಿಐಡಿ ತನಿಖೆ ಶುರುವಾಯಿತು. ಅದೇ ತಿಂಗಳ ಕೊನೆಗೆ ಪರೀಕ್ಷೆ ರದ್ದಾಯಿತು. ಜುಲೈನಲ್ಲಿ ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ (ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರನ್ನೇ) ಬಂಧಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದ ಆರೋಪ ಅದು. ಐವತ್ತಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ಡಿಬಾರ್ ಮಾಡಿದರು. ನಿಮ್ಮ ಮಗನಂತೆ ಪ್ರಾಮಾಣಿಕವಾಗಿ ಬರೆದು ಪಟ್ಟಿಯಲ್ಲಿದ್ದವರು ಕೋರ್ಟಿಗೆ ಹೋದರು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಮರುಪರೀಕ್ಷೆಯೇ ಸರಿ ಎಂದಿತು. 2024ರ ಜನವರಿ 23ರಂದು ಮರುಪರೀಕ್ಷೆ ನಡೆಯಿತು. ನಡುವೆ ಎರಡು ವರ್ಷ ಮೂರು ತಿಂಗಳು ಹೋಗಿತ್ತು.

ಯಾರು ಹೊಣೆ ಹೊತ್ತರು ಅಂತ ಕೇಳಿದ್ದೀರಿ. ಆಗಿನ ಗೃಹ ಸಚಿವರು ಆ ಸರ್ಕಾರ ಇರುವವರೆಗೂ ಅದೇ ಖಾತೆಯಲ್ಲಿದ್ದರು. ಮುಂದಿನ ಸರ್ಕಾರ ನ್ಯಾಯಮೂರ್ತಿ ಬಿ. ವೀರಪ್ಪ ಅವರ ಆಯೋಗ ನೇಮಿಸಿತು. 2024ರ ಜನವರಿಯಲ್ಲಿ ವರದಿಯೂ ಬಂತು. ಪಟ್ಟಿಯಲ್ಲಿದ್ದ ಪ್ರಾಮಾಣಿಕರಿಗೆ ‘ನಿಮ್ಮ ತಪ್ಪಿಲ್ಲ’ ಎಂದು ಒಂದು ಸಾಲಿನ ಪತ್ರವಾದರೂ ಬರಬೇಕಿತ್ತು. ಕೆಲಸ ಕೊಡಲು ಆಗದಿದ್ದರೂ ಮರ್ಯಾದೆ ವಾಪಸ್ ಕೊಡಬಹುದಿತ್ತು. ಊರ ಕಟ್ಟೆಯ ಮೇಲೆ ‘ಎಷ್ಟು ಕೊಟ್ಟಿದ್ರಿ’ ಅಂತ ಕೇಳಿದವರಿಗೆ ತೋರಿಸಲು ಒಂದು ಕಾಗದ ನಿಮ್ಮ ಹತ್ತಿರ ಇರಬೇಕಿತ್ತು, ಅಲ್ವಾ? ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ.

ಈಗ ‘ಎಲ್ಲಾರೂ ಕಳ್ಳರ’ ಎಂಬ ಮಾತು.

ಸಿಟ್ಟಿನಲ್ಲಿ ಎಲ್ಲರೂ ಹೇಳುತ್ತಾರೆ. ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡಿನಿಂದ ಗದಗದ ಚಹಾದಂಗಡಿಯವರೆಗೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಆದರೆ ಈ ಮಾತಿನಿಂದ ನಿಜವಾದ ಕಳ್ಳನಿಗೆ ಯಾವ ತೊಂದರೆಯೂ ಇಲ್ಲ. ಅವನಿಗೂ ಅದೇ ಬೇಕು. ಎಲ್ಲರೂ ಕಳ್ಳರು ಅಂದ ಮೇಲೆ ಅವನೊಬ್ಬನನ್ನೇ ಯಾಕೆ ಹಿಡಿಯಬೇಕು? ಆಡಳಿತ ಪಕ್ಷದ ಮೇಲೆ ಆರೋಪ ಬಂದರೆ ‘ನಿಮ್ಮ ಕಾಲದಲ್ಲಿ ಆಗಲಿಲ್ಲವೇ’ ಎಂದು ಪ್ರತಿಪಕ್ಷವನ್ನು ಕೇಳುತ್ತಾರೆ. ಸದನದಲ್ಲಿ ಎರಡು ದಿನ ಗಲಾಟೆ ಆಗುತ್ತದೆ. ಅಷ್ಟರಲ್ಲಿ ಹೊಸ ಹಗರಣ ಬರುತ್ತದೆ. ಹಳೆಯ ಕಡತ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ.

ಕಡತ ಎಲ್ಲಿ ನಿಲ್ಲುತ್ತದೆ ಅನ್ನುವುದು ಮಾತ್ರ ಗೊತ್ತಿರುವ ಸಂಗತಿ. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರರ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸಲು ಮೊದಲು ಮೇಲಿನವರ ಅನುಮತಿ ಬೇಕು. 2018ರಲ್ಲಿ 17ಎ ಎಂಬ ಸೆಕ್ಷನ್ ಸೇರಿಸಿದರು. ಅಧಿಕಾರದಲ್ಲಿದ್ದು ತೆಗೆದುಕೊಂಡ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡುವುದಕ್ಕೂ ಅನುಮತಿ ಬೇಕು ಎಂದಾಯಿತು. ಮೂರು ತಿಂಗಳು, ಹೆಚ್ಚೆಂದರೆ ಇನ್ನೊಂದು ತಿಂಗಳಲ್ಲಿ ತೀರ್ಮಾನ ಹೇಳಬೇಕು ಅಂತ ಕಾನೂನಿನಲ್ಲೇ ಇದೆ. ಅನುಮತಿ ಕೇಳಿ ಎಷ್ಟು ದಿನವಾಯಿತು, ಯಾರ ಮೇಜಿನ ಮೇಲಿದೆ ಎಂಬ ಪ್ರಶ್ನೆಗೆ ಹೆದರುವಷ್ಟು ಇವರು ಯಾವ ಬೈಗುಳಕ್ಕೂ ಹೆದರುವುದಿಲ್ಲ. ಯಾಕಂದರೆ ಆ ಪ್ರಶ್ನೆಗೆ ಒಂದು ಹೆಸರು, ಒಂದು ತಾರೀಖು ಉತ್ತರವಾಗಿ ಬರಬೇಕಾಗುತ್ತದೆ.

ತನಿಖೆ ಮಾಡುವವರ ಕೈಯನ್ನೇ ಕಟ್ಟಿದ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಎಂಬ ಹೊಸ ದಳ ಮಾಡಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಆ ಅಧಿಕಾರವನ್ನು ಲೋಕಾಯುಕ್ತಕ್ಕೆ ವಾಪಸ್ ಕೊಟ್ಟಿತು. ಆ ಆರು ವರ್ಷಗಳಲ್ಲಿ ಮೂರೂ ಪಕ್ಷಗಳವರು ಮುಖ್ಯಮಂತ್ರಿಯಾಗಿದ್ದರು. ಯಾರೂ ತಾವಾಗಿ ಅದನ್ನು ಸರಿಪಡಿಸಲಿಲ್ಲ. ನಿಮ್ಮ ‘ಆ ಪಕ್ಷ ಈ ಪಕ್ಷ ಅಂತಿಲ್ಲ’ ಎಂಬ ಮಾತು ಇಲ್ಲಿ ನೂರಕ್ಕೆ ನೂರು ಸರಿ.

ಆದರೂ ಕೆಲವು ಕಡತಗಳು ಮುಂದೆ ಹೋಗಿವೆ. ಹೇಗೆ ಅಂತ ನೋಡಬೇಕು.

ಅದಿರಿನ ಲಾರಿಗಳು ನಿಮಗೆ ನೆನಪಿರಬಹುದು. ಬಳ್ಳಾರಿ, ಹೊಸಪೇಟೆಯಿಂದ ಹೊರಟು ಗದಗ, ಅಣ್ಣಿಗೇರಿ, ಹುಬ್ಬಳ್ಳಿ ದಾಟಿ, ಅರಬೈಲ್ ಘಾಟ್ ಇಳಿದು ಬೇಲೇಕೇರಿ ಬಂದರಿಗೆ ಹೋಗುತ್ತಿದ್ದವು. ರಸ್ತೆ ಪಕ್ಕದ ಮರಗಳ ಎಲೆ ಕೆಂಪಾಗಿತ್ತು. ದಾರಿಯ ಹೋಟೆಲಿನವರು ಚಹಾದ ಲೋಟಕ್ಕೂ ತಟ್ಟೆ ಮುಚ್ಚಿಡುತ್ತಿದ್ದರು. ಟಾರ್ಪಾಲಿನ ಕೆಳಗೆ ಏನು ಹೋಗುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿತು. ಜಪ್ತಿಯಾದ ಅದಿರೇ ಅಲ್ಲಿಂದ ಹಡಗು ಹತ್ತಿ ಹೋಯಿತು. ಹಿಡಿದ ಅಧಿಕಾರಿಯ ಮೇಲೆಯೇ ಕ್ರಮಕ್ಕೆ ಹೊರಟಾಗ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು. ಕೆಲ ದಿನಗಳ ನಂತರ ಅದನ್ನು ವಾಪಸ್ ತೆಗೆದುಕೊಂಡು ಕೆಲಸ ಮುಂದುವರಿಸಿದರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಅವರ ವರದಿ ಬಂತು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಗಣಿ ಲಂಚದ ಪ್ರಕರಣದಿಂದ ಖುಲಾಸೆ ಮಾಡಿತು. ಬೇಲೇಕೇರಿ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಕಾರವಾರದ ಶಾಸಕ ಸತೀಶ ಸೈಲ್ ಅವರಿಗೆ ಏಳು ವರ್ಷ ಶಿಕ್ಷೆಯಾಯಿತು. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಹದಿನಾಲ್ಕು ವರ್ಷ ಕಳೆದರೂ ಮುಗಿದಿಲ್ಲ. ಇದನ್ನು ಗೆಲುವು ಅಂತ ನಿಮಗೆ ಮಾರಲು ನಾನು ಬಂದಿಲ್ಲ.

ಆದರೆ ಇದೇ ಗಣಿ ವಿಷಯವನ್ನು 2009ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದವರು ಯಾರು ಅನ್ನುವುದನ್ನು ನೋಡಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಅದರ ಎಸ್.ಆರ್. ಹಿರೇಮಠ ಮತ್ತು ಅವರ ಜೊತೆಗಾರರು. ಅವರಿಗೆ ಶಾಸಕರ ಬಲ ಇರಲಿಲ್ಲ, ಹಣದ ಬಲವೂ ಇರಲಿಲ್ಲ. ಪರವಾನಗಿ, ಗಣಿಗಳ ಗಡಿ ನಕ್ಷೆ, ಅರಣ್ಯ ಇಲಾಖೆಯ ಪತ್ರ, ಹೀಗೆ ಕಾಗದ ಕೂಡಿಹಾಕಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್‌ನ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಮಾಡಿದ ಗಣಿಗಳ ಗುತ್ತಿಗೆ ರದ್ದಾಯಿತು. ಗದಗದ ರಸ್ತೆಯಲ್ಲಿ ಕೆಂಪು ಧೂಳು ನಿಂತದ್ದು ಹಾಗೆ.

‘ನಮ್ಮಂಥವರಿಂದ ಏನ್ ಆಗ್ತದ’ ಎಂದು ಕೇಳಿದ ನಿಮಗೆ ನಿಮ್ಮದೇ ತಾಲ್ಲೂಕಿನ ಕುಸನೂರನ್ನು ನೆನಪಿಸಬೇಕು. 1984ರ ಹೊತ್ತಿಗೆ ಸರ್ಕಾರ ಸುಮಾರು 75 ಸಾವಿರ ಎಕರೆ ಸಿ ಆ್ಯಂಡ್ ಡಿ ಭೂಮಿಯನ್ನು (ಊರವರು ಬಳಸುವ ಸರ್ಕಾರಿ ಜಾಗವನ್ನು) ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡಲು ಹೊರಟಿತ್ತು. ದನ ಮೇಯಿಸುವ, ಸೌದೆ ತರುವ ಜಾಗ ಅದು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು, ಹೆಣ್ಣುಮಕ್ಕಳು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. ಅದರ ಜೊತೆಗೇ ಕೋರ್ಟಿನಲ್ಲಿ ಅರ್ಜಿ ಇತ್ತು, ಹಳ್ಳಿ ಹಳ್ಳಿಯಿಂದ ಸಹಿ ಸಂಗ್ರಹ ನಡೆದಿತ್ತು. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು. ಅವತ್ತು ಸಸಿ ಕಿತ್ತವರಲ್ಲಿ ಕೆಲವರು ಈಗಲೂ ನಿಮ್ಮ ಸುತ್ತಮುತ್ತ ಇರಬಹುದು. ಅವರನ್ನು ಕೇಳಿ. ಅವರು ‘ಸರ್ಕಾರ’ ಎಂದು ಸುಮ್ನೆ ಬೈಯುತ್ತಾ ಕೂರಲಿಲ್ಲ. ಯಾವ ಆದೇಶ, ಯಾವ ಸರ್ವೆ ನಂಬರ್ ಅಂತ ಹಿಡಿದರು.

ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲೂ ಇದೇ ಆಯಿತು. 2011ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲ ಎಂದು ರೈತರು ನಿಂತರು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು. ಭೂಸ್ವಾಧೀನ ಕೈಬಿಡಬೇಕಾಯಿತು.

ಹಗರಣದ ಸುದ್ದಿ ಓದುವುದನ್ನು ಬಿಡುವ ನಿಮ್ಮ ತೀರ್ಮಾನ ನನಗೆ ಅರ್ಥವಾಗುತ್ತದೆ. ದಿನಾ ಹತ್ತು ಹಗರಣ ಓದಿ ಹತ್ತರ ಮೇಲೂ ಸಿಟ್ಟಾದರೆ ಮನುಷ್ಯ ದಣಿಯುತ್ತಾನೆ. ಒಂಬತ್ತನ್ನು ಬಿಡಿ. ಒಂದನ್ನು ಹಿಡಿದುಕೊಳ್ಳಿ. ನಿಮ್ಮ ಮನೆಯನ್ನು ಸುಟ್ಟದ್ದು ಯಾವುದೋ ಅದನ್ನೇ ಹಿಡಿಯಿರಿ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಗೃಹ ಇಲಾಖೆಗೆ ಹೀಗೆ ಕೇಳಬಹುದು: ವೀರಪ್ಪ ಆಯೋಗದ ವರದಿಯ ಮೇಲೆ ಇವತ್ತಿನವರೆಗೆ ತೆಗೆದುಕೊಂಡ ಕ್ರಮದ ಆದೇಶಗಳ ಪ್ರತಿ ಕೊಡಿ. ಇನ್ನೊಂದು ಅರ್ಜಿಯಲ್ಲಿ, ಆರೋಪಿ ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಸಲು ಯಾವ ದಿನ ಅನುಮತಿ ಕೇಳಲಾಯಿತು, ಯಾವ ದಿನ ಕೊಟ್ಟಿರಿ ಅಥವಾ ನಿರಾಕರಿಸಿದಿರಿ ಅಂತ ಕೇಳಿ. ‘ಯಾಕೆ ಹೀಗೆ ಮಾಡಿದಿರಿ’ ಅಂತ ಬರೆಯಬೇಡಿ, ಅದನ್ನು ಮಾಹಿತಿಯೇ ಅಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆಯನ್ನಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ‘ತನಿಖೆಗೆ ಅಡ್ಡಿಯಾಗುತ್ತದೆ’ ಎಂದು ಒಂದೇ ಸಾಲಿನಲ್ಲಿ ವಾಪಸ್ ಕಳಿಸಬಹುದು. ಹೇಗೆ ಅಡ್ಡಿಯಾಗುತ್ತದೆ ಎಂದು ಹೇಳುವ ಹೊಣೆ ಅವರದೇ. ಹಾಗೆ ಬರೆದು ಮೊದಲ ಮೇಲ್ಮನವಿ ಹಾಕಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ತಿಂಗಳುಗಳೇ ಹಿಡಿಯುತ್ತವೆ. ಆದರೆ ಪ್ರತಿ ಹೆಜ್ಜೆಗೂ ಒಬ್ಬ ಅಧಿಕಾರಿ ತನ್ನ ಹೆಸರು ಬರೆದು ಸಹಿ ಹಾಕಬೇಕಾಗುತ್ತದೆ.

ನಮ್ಮ ಕಡೆಯಿಂದ ಒಂದು ಮಾತು. ಮುಂದಿನ ಸಂಚಿಕೆಯಿಂದ ಈ ಪುಟದ ಎದುರಿನ ಪುಟವನ್ನು ಹಳೆಯ ಪ್ರಕರಣಗಳಿಗೇ ಮೀಸಲಿಡುತ್ತೇವೆ. ಯಾವ ಕೇಸು, ಯಾವ ಕೋರ್ಟು, ಹಿಂದಿನ ಸಲ ಏನಾಯಿತು, ಮುಂದಿನ ತಾರೀಖು ಯಾವುದು. ಹೊಸದೇನೂ ಆಗಿರದಿದ್ದರೆ ‘ಏನೂ ಆಗಿಲ್ಲ’ ಎಂದೇ ಅಚ್ಚು ಹಾಕುತ್ತೇವೆ, ಜೊತೆಗೆ ಕಡತ ಯಾರ ಬಳಿ ಇದೆ ಎಂಬುದನ್ನೂ. ಮೊದಲ ಪ್ರಕರಣ ಪಿಎಸ್‌ಐ ನೇಮಕಾತಿಯದು.

ನಿಮ್ಮ ಮಗ ಹುಬ್ಬಳ್ಳಿಯಲ್ಲೇ ಇದ್ದಾನಲ್ಲ, ಬಿಡುವಾದ ದಿನ ಸಂಜೆ ಕಚೇರಿಗೆ ಬರಲು ಹೇಳಿ. ಹಾಲ್ ಟಿಕೆಟ್, ಆಯ್ಕೆ ಪಟ್ಟಿಯ ಪ್ರತಿ, ತನ್ನ ಕಾರ್ಬನ್ ಪ್ರತಿ ಇದ್ದರೆ ಅದನ್ನೂ ತರಲಿ. ಆ ಪಟ್ಟಿಯಲ್ಲಿದ್ದ ಪ್ರಾಮಾಣಿಕ ಗೆಳೆಯರು ಹಾವೇರಿ, ಗದಗ, ಧಾರವಾಡದಲ್ಲಿ ಯಾರಾದರೂ ಇದ್ದರೆ ಜೊತೆಗೆ ಕರೆತರಲಿ. ಎರಡೂ ಅರ್ಜಿ ಅವತ್ತೇ ಕೂತು ಬರೆದು, ಮರುದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸೋಣ.

— ಸಂಪಾದಕ