ರೀಬೂಟ್ ಮಾಡ್ದೆ ಮಾರ್ಷಿಯನ್ ಲಾಗ್ ನಿಲ್ಲಿಸೋದು ಹೇಗೆ?

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಲಿನಕ್ಸ್ ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಇದೆ, ಎರಡೂ ಒಂದೇ ಸಬ್‌ನೆಟ್. ಕರ್ನಲ್ ಲಾಗ್ ತೆಗೆದ್ರೆ ಬರೀ 'ಮಾರ್ಷಿಯನ್ ಸೋರ್ಸ್' (ಈ ಕಾರ್ಡ್‌ನಲ್ಲಿ ಬರಬಾರದ ಅಡ್ರೆಸ್‌ನಿಂದ ಪ್ಯಾಕೆಟ್ ಬಂತು ಅನ್ನೋ ದೂರು) ಅಂತ ಸಾಲು ಸಾಲಾಗಿ ಬರ್ತಿದೆ, ಬೇರೆ ಎರರ್ ಕಣ್ಣಿಗೇ ಬೀಳಲ್ಲ. ಕರ್ನಲ್ ಸೆಟ್ಟಿಂಗ್ ಬದಲಾಯಿಸೋ ಸಿಸ್‌ಕಂಟ್ರೋಲ್‌ನಲ್ಲಿ 'ಆಲ್' ಕೆಳಗಿನ ಲಾಗ್ ಮಾರ್ಷಿಯನ್ಸ್‌ಗೆ 0 ಕೊಟ್ಟೆ, ಆದ್ರೂ ನಿಲ್ತಿಲ್ಲ. ಪರೀಕ್ಷೆ ಟೈಮು, ರೀಬೂಟ್ ಮಾಡೋ ಹಾಗಿಲ್ಲ, ಏನ್ ಮಾಡ್ಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ರೀಬೂಟ್ ಬೇಡ್ವೇ ಬೇಡ. ಪ್ರಾಕ್ ಒಳಗಿನ ಸಿಸ್ ಫೋಲ್ಡರ್‌ನಲ್ಲಿ ಕಾಣೋ ಫೈಲ್‌ಗಳು ಡಿಸ್ಕ್ ಮೇಲೆ ಇರಲ್ಲ, ಓಡ್ತಿರೋ ಕರ್ನಲ್‌ನ ಸೆಟ್ಟಿಂಗೇ ಅಲ್ಲಿ ಹಾಗೆ ಕಾಣೋದು, ಬರೆದ ತಕ್ಷಣ ಜಾರಿ. ನೀವು ಕೊಟ್ಟ 0 ಕೂಡ ಜಾರಿ ಆಗಿದೆ. ಆದ್ರೆ ಈ ಸೆಟ್ಟಿಂಗ್ ಆಲ್‌ಗೆ ಒಂದು, ಪ್ರತಿ ಇಂಟರ್‌ಫೇಸ್‌ಗೂ (ಅಂದ್ರೆ ಕಾರ್ಡ್‌ಗೂ) ಒಂದೊಂದು ಇರತ್ತೆ, ಎರಡ್ರಲ್ಲಿ ಯಾವುದು 1 ಇದ್ರೂ ಕರ್ನಲ್ ಲಾಗ್ ಬರೀತಾನೇ ಹೋಗತ್ತೆ. ಲಾಗ್ ಸಾಲಿನ ಕೊನೇಲಿ ಯಾವ ಕಾರ್ಡ್ ಅಂತ ಹೆಸರು ಇರತ್ತಲ್ಲ, ಆ ಹೆಸರಿನ ಕೆಳಗಿರೋದಕ್ಕೂ 0 ಕೊಡಿ, ನಿಲ್ಲತ್ತೆ. ಮುಂದೆ ಯಾವತ್ತೋ ರೀಬೂಟ್ ಆದಾಗ್ಲೂ ಹಾಗೇ ಉಳೀಬೇಕಂದ್ರೆ ಎಟ್ಸಿ ಒಳಗೆ ಸಿಸ್‌ಕಂಟ್ರೋಲ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಕಾನ್ಫ್ ಫೈಲ್‌ಗೆ ಅದೇ ಸಾಲು ಹಾಕಿಡಿ.

ಆದ್ರೆ ದಯವಿಟ್ಟು ಇಷ್ಟಕ್ಕೇ ಬಿಡ್ಬೇಡಿ. 0 ಕೊಟ್ರೆ ನಿಲ್ಲೋದು ಬರಿಯೋದು ಮಾತ್ರ, ಪ್ಯಾಕೆಟ್ ಡ್ರಾಪ್ ಆಗೋದು ಹಾಗೇ ನಡೀತಿರತ್ತೆ, ಪಾಪ ಯಾರದ್ದೋ ಕನೆಕ್ಷನ್ ಕಟ್ ಆಗ್ತಾ ಇರತ್ತೆ, ನಿಮಗೆ ಗೊತ್ತೇ ಆಗಲ್ಲ. ಆ ಲಾಗ್ ಸಾಲು ಓದುವಾಗ ಒಂದು ಗಮನ ಇರ್ಲಿ, 'ಸೋರ್ಸ್' ಅನ್ನೋ ಪದದ ಪಕ್ಕ ಇರೋ ಅಡ್ರೆಸ್ ಪ್ಯಾಕೆಟ್ ಹೋಗ್ಬೇಕಾಗಿದ್ದ ಜಾಗ, ಕಳ್ಸಿದವರ ಅಡ್ರೆಸ್ ಇರೋದು 'ಫ್ರಮ್' ಆದ್ಮೇಲೆ. ಇದನ್ನ ಉಲ್ಟಾ ಓದಿ ತಪ್ಪು ಮೆಷಿನ್ ಹುಡ್ಕೋರು ಬಹಳ ಜನ. ಇನ್ನೊಂದು, ಲಾಗ್ ಸಾಲು ಎಣಿಸಿ ಲೆಕ್ಕ ಹಾಕ್ಬೇಡಿ, ಡೀಫಾಲ್ಟ್ ಆಗಿ ಕರ್ನಲ್ 5 ಸೆಕೆಂಡಿಗೆ ಸುಮಾರು 10 ಮೆಸೇಜ್‌ಗಿಂತ ಜಾಸ್ತಿ ಬಿಡಲ್ಲ, ಉಳಿದದ್ದು 'ಸಪ್ರೆಸ್ಡ್' ಅಂತ ಒಂದು ಸಾಲಲ್ಲಿ ಮುಗಿಯತ್ತೆ.

ನಿಮ್ಮ ಕೇಸಲ್ಲಿ ನನಗೆ ಅನುಮಾನ ಇರೋದು ಆರ್‌ಪಿ ಫಿಲ್ಟರ್ ಮೇಲೆ, ಅಂದ್ರೆ ಪ್ಯಾಕೆಟ್ ಕಳ್ಸಿದವರಿಗೆ ವಾಪಸ್ ದಾರಿ ಇದ್ಯಾ ಅಂತ ಕರ್ನಲ್ ಮಾಡೋ ತಪಾಸಣೆ ಮೇಲೆ. ಒಂದೇ ಸಬ್‌ನೆಟ್‌ಗೆ ಎರಡು ಕಾರ್ಡ್ ಇದ್ರೆ ಒಂದ್ರಲ್ಲಿ ಬಂದ ಪ್ಯಾಕೆಟ್‌ಗೆ ವಾಪಸ್ ದಾರಿ ಇನ್ನೊಂದ್ರಲ್ಲಿ ಇರತ್ತೆ, 1 ಅಂದ್ರೆ ಸ್ಟ್ರಿಕ್ಟ್ ಮೋಡ್, ಅದು ಇದನ್ನ ಒಪ್ಪಲ್ಲ. ಇಲ್ಲಿ ಲೆಕ್ಕ ಬೇರೆ, ಆಲ್ ಮತ್ತೆ ಇಂಟರ್‌ಫೇಸ್ ಎರಡ್ರಲ್ಲಿ ದೊಡ್ಡ ನಂಬರ್ ಗೆಲ್ಲತ್ತೆ, ಹಾಗಾಗಿ ಇಂಟರ್‌ಫೇಸ್‌ಗೆ 0 ಕೊಟ್ಟು ಆಲ್‌ನಲ್ಲಿ 1 ಬಿಟ್ರೆ ಪ್ರಯೋಜನ ಇಲ್ಲ. ಎರಡೂ ಕಾರ್ಡ್‌ಗೆ 2 ಕೊಡಿ, ಅದು ಲೂಸ್ ಮೋಡ್, ಯಾವುದಾದ್ರೂ ಒಂದು ಕಾರ್ಡ್‌ನಿಂದ ದಾರಿ ಇದ್ರೆ ಪ್ಯಾಕೆಟ್ ಒಳಗೆ ಬಿಡತ್ತೆ. ಆಮೇಲೆ ನೆಟ್‌ವರ್ಕ್ ಲೆಕ್ಕ ತೋರಿಸೋ ಎನ್‌ಸ್ಟಾಟ್ ಕಮಾಂಡ್‌ನಲ್ಲಿ ಐಪಿ ರಿವರ್ಸ್ ಪಾಥ್ ಫಿಲ್ಟರ್ ಅನ್ನೋ ಕೌಂಟರ್ ನೋಡಿ, ಈ ಫಿಲ್ಟರ್ ಡ್ರಾಪ್ ಮಾಡಿದ ಪ್ಯಾಕೆಟ್ ಎಣಿಸೋದು ಅದೇ. ಏರೋದು ನಿಂತಿದ್ರೆ ಸರಿಹೋಯ್ತು, ಇನ್ನೂ ಏರ್ತಿದ್ರೆ ಲಾಗ್ ಮತ್ತೆ 1 ಮಾಡಿ ಆ 'ಫ್ರಮ್' ಅಡ್ರೆಸ್ ಬರೆದು ಕಳ್ಸಿ, ನೋಡೋಣ.