ಬಳಗದ ಮುಂದಾಳುಗಳಿಗೆ ಬೀಳ್ಕೊಡುಗೆ

ಪ್ರಶ್ನೆ: ನಮ್ಮ ಪ್ರಕೃತಿ ಬಳಗವನ್ನು 6 ವರ್ಷ ನಡೆಸಿದ ಇಬ್ಬರು ಸ್ವಯಂಸೇವಕರು ಹೊಣೆ ಬಿಡುತ್ತಿದ್ದಾರೆ. ದೊಡ್ಡ ಸಮಾರಂಭ ಬೇಡವಂತೆ. ಹೇಗೆ ಕೃತಜ್ಞತೆ ಹೇಳೋಣ?

ಉತ್ತರ: ಅವರದೇ ಕೆಲಸವನ್ನು ಪುಸ್ತಿಕೆ ಮಾಡಿ ಕೈಗಿಡಿ. ಹಳೆಯ ಟಿಪ್ಪಣಿಗಳಿಂದ ನಡಿಗೆಗಳ ದಿನಾಂಕ, ಕಂಡ ಹಕ್ಕಿ, ಚಿಟ್ಟೆಗಳ ಪಟ್ಟಿ, ಯಾವುದು ಮೊದಲ ಬಾರಿ ಯಾವಾಗ ಕಂಡಿತು ಎಂಬುದನ್ನು ಹೆಕ್ಕಿದರೆ 20–24 ಪುಟ ಆದೀತು. ಹೆಸರುಗಳನ್ನು ತಾಳೆ ನೋಡಲು 6 ವಾರವಾದರೂ ಇಟ್ಟುಕೊಳ್ಳಿ. ಅವಸರದಲ್ಲಿ ಒಂದು ಹಕ್ಕಿಯ ಹೆಸರು ತಪ್ಪಾದರೂ ಬಲ್ಲವರಿಗೆ ನೋವಾಗುತ್ತದೆ. ಗೂಡಿನ ಜಾಗ ಮಾತ್ರ ಅಚ್ಚು ಹಾಕಬೇಡಿ. ಜನ ಮುತ್ತಿದರೆ ತಾಯಿಹಕ್ಕಿ ಗೂಡು ತೊರೆಯಬಹುದು.

ದುರ್ಬೀನು ಕೊಡುವುದಾದರೆ 8×42 (8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು) ಒಳ್ಳೆಯದು. 10 ಪಟ್ಟಿನದ್ದರಲ್ಲಿ ಕೈನಡುಕವೂ ಹೆಚ್ಚಾಗಿ ಕಾಣುತ್ತದೆ.

ಸಸಿ ನೆಡುವಿರಾದರೆ ಸ್ಥಳೀಯ ಜಾತಿಯದ್ದನ್ನು ಮಳೆ ಹಿಡಿದ ಮೇಲೆ ನೆಡಿ. ಮೊದಲ 2 ಬೇಸಿಗೆ ನೀರು ಹಾಕುವವರನ್ನು ಮೊದಲೇ ಗೊತ್ತುಮಾಡಿ. ಹೆಸರಿನ ಫಲಕಕ್ಕೆ ಪಕ್ಕದಲ್ಲಿ ಗೂಟ ಇರಲಿ, ಮರಕ್ಕೆ ಮೊಳೆ ಬೇಡ.

ಮಾತು 3 ನಿಮಿಷ ಸಾಕು, ಅದರಲ್ಲಿ ಅವರು ಮಾಡಿದ ಒಂದೆರಡು ಕೆಲಸಗಳನ್ನು ಹೆಸರಿಸಿ ಹೇಳಿ. ಮನೆಯವರನ್ನೂ ಕರೆಯಿರಿ, ಪ್ರತಿ ಭಾನುವಾರ ಬಿಟ್ಟುಕೊಟ್ಟವರು ಅವರು. ಬ್ಯಾಂಕ್ ಸಹಿ, ಪಾಸ್‌ವರ್ಡ್, ಸದಸ್ಯರ ಪಟ್ಟಿ ಬೀಳ್ಕೊಡುಗೆಗೆ ಮುಂಚೆಯೇ ಹೊಸಬರ ಕೈ ಸೇರಲಿ. ಇಲ್ಲವಾದರೆ ಫೋನುಗಳು ಹಳಬರಿಗೇ ಹೋಗುತ್ತಿರುತ್ತವೆ.